ಮಾಳಿಗೆಯ ಬಿಸಿಲು, ಬಾಡಿಗೆಯ ಲೆಕ್ಕ

(ಆಳಂದದಿಂದ ಕಲಬುರಗಿಗೆ ಹೋಗುವ ದಾರಿಯಲ್ಲಿ, ಕಡಗಂಚಿಯ ಸಮೀಪದಲ್ಲಿ, ಎಂಟು ಖೋಲಿಗಳನ್ನು ವಿದ್ಯಾರ್ಥಿಗಳಿಗೆ ಬಾಡಿಗೆಗೆ ಕೊಟ್ಟಿರುವ ಮಾಲಕರೊಬ್ಬರಿಗೂ, ಅಫಜಲಪುರ ಮತ್ತು ಜೇವರ್ಗಿಗಳಲ್ಲಿ ವಿಜ್ಞಾನವನ್ನು ಬೋಧಿಸಿ ನಿವೃತ್ತರಾದ ಮಾಸ್ತರರೊಬ್ಬರಿಗೂ ನಡೆದ ಸಂವಾದ.)

ಮಾಲಕರು: ಮಾಸ್ತರೇ, ಶಿವರಾತ್ರಿ ಕಳೆದು ಬಿಸಿಲು ಏರತೊಡಗಿತೆಂದರೆ ನನ್ನ ಎದೆಯಲ್ಲಿ ಅಳುಕು ಹುಟ್ಟುತ್ತದೆ. ಕರೆಂಟು, ನೀರು ಎರಡನ್ನೂ ಬಾಡಿಗೆಯೊಳಗೇ ಸೇರಿಸಿ ಖೋಲಿಗಳನ್ನು ಕೊಟ್ಟವನು ನಾನು. ಮಾಘ, ಫಾಲ್ಗುಣದವರೆಗೆ ಹೇಗೋ ನಡೆದುಹೋಗುತ್ತದೆ. ಚೈತ್ರ, ವೈಶಾಖದಲ್ಲಿ ಬರುವ ಬಿಲ್ಲು ಮಾತ್ರ ಐದು ಸಾವಿರದ ಸಮೀಪಕ್ಕೆ ಹೋಗಿ, ಎರಡು ಖೋಲಿಗಳ ಬಾಡಿಗೆಯನ್ನು ಪೂರ್ತಿಯಾಗಿ ನುಂಗಿಬಿಡುತ್ತದೆ. ಹುಡುಗರು ಕ್ಲಾಸಿಗೆ ಹೋದಾಗಲೂ ಕೂಲರು ತಿರುಗುತ್ತಲೇ ಇರುತ್ತದೆ. ಆದುದರಿಂದ ಮಧ್ಯಾಹ್ನ ಹನ್ನೆರಡರಿಂದ ನಾಲ್ಕರವರೆಗೆ ಮುಖ್ಯ ಸ್ವಿಚ್ಚನ್ನೇ ತೆಗೆದುಬಿಡಬೇಕೆಂದು ಯೋಚಿಸಿದ್ದೇನೆ. ತಮ್ಮ ಅಭಿಪ್ರಾಯವೇನು?

ಮಾಸ್ತರರು: ಸಾವಕಾರರೇ, ಹಾಗೆ ಮಾಡಬೇಡಿ. ಏಪ್ರಿಲ್, ಮೇ ತಿಂಗಳುಗಳಲ್ಲಿ ನಮ್ಮ ವಿಭಾಗದ ಸರಕಾರಿ ಕಚೇರಿಗಳು ಬೆಳಗಿನ ಎಂಟಕ್ಕೆ ತೆರೆದು ಮಧ್ಯಾಹ್ನ ಒಂದೂವರೆಗೆ ಮುಚ್ಚುವಂತೆ ಸರಕಾರವೇ ಎಷ್ಟೋ ವರ್ಷಗಳಿಂದ ಆಜ್ಞೆ ಹೊರಡಿಸುತ್ತ ಬಂದಿರುವುದನ್ನು ನೀವು ಬಲ್ಲಿರಿ. ಉಷ್ಣಮಾನವು 43 ಡಿಗ್ರಿಯನ್ನು ಮುಟ್ಟುವ ನಾಡಿನಲ್ಲಿ ಆ ನಾಲ್ಕು ತಾಸು ಗಾಳಿಯಿಲ್ಲದ ಖೋಲಿಯೊಳಗೆ ಮನುಷ್ಯನನ್ನು ಕೂಡಿಹಾಕುವುದು ಮಿತವ್ಯಯವೆನಿಸದು. ಪ್ರಾಣಕ್ಕೆ ಅಪಾಯ ತರುವ ಕೆಲಸವದು. ವೆಚ್ಚ ತಗ್ಗಬೇಕೆಂಬುದು ನನಗೂ ಒಪ್ಪಿಗೆ. ಆದರೆ ಅದು ಎಲ್ಲಿ ಹುಟ್ಟುತ್ತದೆಂಬುದನ್ನು ಮೊದಲು ನೋಡೋಣ.

ಮಾಲಕರು: ಹುಡುಗರ ಕೈಯಲ್ಲಿ ಹುಟ್ಟುತ್ತದೆ. ತನ್ನ ಗಂಟಿನಿಂದ ಹೋಗದ ಹಣಕ್ಕೆ ಯಾರು ಮರುಗುತ್ತಾರೆ, ಮಾಸ್ತರೇ?

ಮಾಸ್ತರರು: ಆ ಮಾತಿನಲ್ಲಿ ಸತ್ಯವಿದೆ, ಪೂರ್ಣಸತ್ಯವಿಲ್ಲ. ನಮಗೆ ಬೇಸಿಗೆಯು ಹೇಗೋ ಶೀತದೇಶಗಳವರಿಗೆ ಚಳಿಗಾಲವು ಹಾಗೆ; ಅಲ್ಲಿ ಮನೆಯನ್ನು ಬೆಚ್ಚಗಿಡುವ ವೆಚ್ಚವನ್ನು ಬಾಡಿಗೆಯೊಳಗೆ ಸೇರಿಸಿಕೊಡುವ ರೂಢಿ ಬಹಳ ಹಿಂದಿನದು, ಇಂದು ನೀವು ಹೇಳಿದ ದೂರೂ ಅಷ್ಟೇ ಹಿಂದಿನದು. ಅಮೆರಿಕೆಯ ಬಾಡಿಗೆಮನೆಗಳನ್ನು ಕುರಿತು ಲೆವಿನ್‌ಸನ್ ಮತ್ತು ನೀಮನ್ ಎಂಬ ಇಬ್ಬರು ಅರ್ಥಶಾಸ್ತ್ರಜ್ಞರು 2004ರಲ್ಲಿ ಪ್ರಕಟಿಸಿದ ಅಧ್ಯಯನವೊಂದುಂಟು. ಶಾಖದ ವೆಚ್ಚ ಬಾಡಿಗೆಯಲ್ಲಿ ಸೇರಿರುವ ಮನೆಗಳವರು, ತಾವು ಮನೆಯಲ್ಲಿಲ್ಲದ ಹೊತ್ತಿನಲ್ಲಿಯೂ ಮನೆಯನ್ನು ಒಂದಿಷ್ಟು ಹೆಚ್ಚು ಬೆಚ್ಚಗಿಟ್ಟಿರುತ್ತಾರೆಂದು ಅವರು ಕಂಡರು. ನಿಮ್ಮ ಹುಡುಗರು ಬಿಟ್ಟುಹೋದ ಕೂಲರು ಅದೇ ಜಾತಿಯದು. ಆದರೆ ಆ ಉದಾಸೀನದಿಂದ ಹೆಚ್ಚಾದ ಇಂಧನದ ವೆಚ್ಚವು ಅತ್ಯಲ್ಪವೆಂಬುದನ್ನೂ ಅವರೇ ತೋರಿಸಿದರು. ಎಂದ ಮೇಲೆ ದೊಡ್ಡ ಪಾಲು ಬೇರೆಲ್ಲಿಯೋ ಸೋರುತ್ತಿರಬೇಕಷ್ಟೆ?

ಮಾಲಕರು: ಎಲ್ಲಿ?

ಮಾಸ್ತರರು: ನಿಮ್ಮ ಮಾಳಿಗೆಯಲ್ಲಿ. ನಿಮ್ಮ ತಂದೆಯವರ ಕಾಲದ ಹಳೆಯ ಮನೆ ಆಳಂದದ ಪೇಟೆಯಲ್ಲಿ ಇನ್ನೂ ನಿಂತಿದೆ. ಮೇ ತಿಂಗಳ ನಡುಹಗಲಿನಲ್ಲಿ ಅದರ ಪಡಸಾಲೆಯನ್ನು ಹೊಕ್ಕವನಿಗೆ ಫ್ಯಾನಿನ ನೆನಪೇ ಆಗುವುದಿಲ್ಲ. ಕಲ್ಲು ಮಣ್ಣುಗಳಿಂದ ಎದ್ದ ಆ ಗೋಡೆಗಳ ದಪ್ಪವನ್ನೂ, ಜಂತಿಯ ಮೇಲೆ ಹುಲ್ಲು ಹಾಸಿ ಗೇಣಿಗಿಂತ ಹೆಚ್ಚಾಗಿ ಮಣ್ಣು ತುಳಿದು ಮಾಡಿದ ಆ ಮಾಳಿಗೆಯನ್ನೂ, ನೆತ್ತಿಯ ಮೇಲಿನ ಬಿಸಿಗಾಳಿಯನ್ನು ಹೊರಗೆ ಬಿಡುವ ಆ ಬೆಳಕಿಂಡಿಯನ್ನೂ ಕಟ್ಟಿದವರು ಉಷ್ಣಶಾಸ್ತ್ರವನ್ನು ಪುಸ್ತಕದಲ್ಲಿ ಓದಿದವರಲ್ಲ. ಆದರೂ ಹಗಲಿನ ಬಿಸಿಲು ಒಳಗಿಳಿಯುವಷ್ಟರಲ್ಲಿ ರಾತ್ರಿಯ ತಂಪು ಹೊರಗೆ ಬಂದಿರುವಂತೆ ಗೋಡೆಯ ದಪ್ಪವನ್ನು ಅವರು ಗೊತ್ತುಮಾಡಿದ್ದರು. ಕಡಗಂಚಿಯ ಖೋಲಿಗಳನ್ನು ನೀವು ಕಟ್ಟಿಸಿದ್ದು ಹೇಗೆ?

ಮಾಲಕರು: ಎಲ್ಲರೂ ಕಟ್ಟಿಸುವಂತೆ. ಆರಿಂಚಿನ ಗೋಡೆ, ಐದಿಂಚಿನ ಸ್ಲ್ಯಾಬು. 2009ರಲ್ಲಿ ಕೇಂದ್ರೀಯ ವಿಶ್ವವಿದ್ಯಾಲಯ ನಮ್ಮ ಜಿಲ್ಲೆಗೆ ಬಂದು, ಮುಂದೆ ಅದರ ಆವರಣ ಕಡಗಂಚಿಯಲ್ಲಿ ಎದ್ದಮೇಲೆ ಖೋಲಿ ಕೇಳುವವರು ಹೆಚ್ಚಾದರು, ಬೇಗ ಕಟ್ಟಬೇಕಾಗಿತ್ತು. ಮೇಲಿನ ಮಹಡಿ ಮುಂದೆ ಹಾಕುವೆನೆಂದು ಸರಳುಗಳನ್ನು ಹಾಗೆಯೇ ಬಿಟ್ಟಿದ್ದೇನೆ. ಅದು ಇನ್ನೂ ಆಗಿಲ್ಲ.

ಮಾಸ್ತರರು: ಹಾಗಾದರೆ ಆ ಎಂಟೂ ಖೋಲಿಗಳ ನೆತ್ತಿ ಬಿಸಿಲಿಗೆ ನೇರವಾಗಿ ತೆರೆದುಕೊಂಡಿದೆ. ಒಂದು ಲೆಕ್ಕ ಮಾಡಿ ನೋಡಿರಿ. ಸೂರ್ಯನು ನೆತ್ತಿಗೆ ಬಂದಾಗ ಒಂದು ಚದರ ಮೀಟರಿನ ಮೇಲೆ ಬೀಳುವ ಬಿಸಿಲಿನ ಶಕ್ತಿ ಒಂದು ಸಾವಿರ ವ್ಯಾಟಿನ ಹತ್ತಿರ ಹತ್ತಿರ ಇರುತ್ತದೆ. ಹತ್ತು ಅಡಿ ಅಗಲ, ಹನ್ನೆರಡು ಅಡಿ ಉದ್ದದ ಖೋಲಿಯ ಮಾಳಿಗೆ ಹನ್ನೊಂದು ಚದರ ಮೀಟರು; ಎಂದರೆ ನಡುಹಗಲಿನಲ್ಲಿ ಹನ್ನೊಂದು ಸಾವಿರ ವ್ಯಾಟಿನಷ್ಟು ಬಿಸಿಲು ಒಂದೊಂದು ಖೋಲಿಯ ತಲೆಯ ಮೇಲೆ ಸುರಿಯುತ್ತಿರುತ್ತದೆ. ಅದರ ಕೆಳಗೆ ಎಪ್ಪತ್ತೈದು ವ್ಯಾಟಿನ ಫ್ಯಾನೊಂದು ತಿರುಗುತ್ತಿರುತ್ತದೆ. ಪಾಚಿ ಒಣಗಿ, ಧೂಳು ಕೂತು ಕಪ್ಪಾದ ಸಿಮೆಂಟು ಆ ಬಿಸಿಲಿನ ಬಹುಭಾಗವನ್ನು ಹೀರಿಕೊಂಡು, ಸೂರ್ಯ ಮುಳುಗಿದ ಮೇಲೆಯೂ ನಡುರಾತ್ರಿ ದಾಟುವವರೆಗೂ ಕೆಳಗೆ ಉಗುಳುತ್ತದೆ. ರಾತ್ರಿ ಎರಡು ಗಂಟೆಗೂ ಹುಡುಗರು ಕೂಲರು ಆರಿಸದಿರುವುದಕ್ಕೆ ಸೋಮಾರಿತನವನ್ನು ಕಾರಣವಾಗಿ ಹೇಳುವ ಮೊದಲು, ಆ ಹೊತ್ತಿನಲ್ಲಿ ನೀವೇ ಒಂದು ಸಲ ಆ ಸ್ಲ್ಯಾಬಿನ ಒಳಮೈಗೆ ಅಂಗೈ ಒತ್ತಿ ನೋಡಬೇಕು.

ಮಾಲಕರು: ಕಟ್ಟಿದ್ದನ್ನು ಈಗ ಕೆಡವಲಾದೀತೇ?

ಮಾಸ್ತರರು: ಕೆಡವಬೇಕಾಗಿಲ್ಲ, ಸುಣ್ಣ ಹಚ್ಚಿದರೆ ಸಾಕು. ಮಾಳಿಗೆಯನ್ನು ಮೊದಲು ಚೆನ್ನಾಗಿ ಉಜ್ಜಿ ತೊಳೆದು, ಒಳ್ಳೆಯ ಬಿಳಿಸುಣ್ಣವನ್ನು ಅರಳಿಸಿ ಸೋಸಿ, ಹಿಡಿದು ನಿಲ್ಲಲೆಂದು ಸ್ವಲ್ಪ ಅಂಟು ಬೆರೆಸಿ, ತೆಳುವಾಗಿ ಎರಡು ಮೂರು ಸಲ ಬಳಿಯಬೇಕು. ಹೊಸ ಸುಣ್ಣವು ಬಿಸಿಲಿನ ಬಹುಭಾಗವನ್ನು ಬಂದ ದಾರಿಯಲ್ಲಿಯೇ ಹಿಂದಕ್ಕೆ ಕಳುಹಿಸುತ್ತದೆ. ಮಳೆಗೆ ಅದು ತೊಳೆದುಹೋಗುವುದು ನಿಜ. ಆದುದರಿಂದ ಪ್ರತಿವರ್ಷವೂ ಹೋಳಿಹುಣ್ಣಿಮೆಯ ಒಳಗಾಗಿ ಮತ್ತೆ ಬಳಿಯತಕ್ಕದ್ದು. ನೆರೆಯ ತೆಲಂಗಾಣ ಸರಕಾರವು 2023ರಲ್ಲಿ ತಂಪು ಮಾಳಿಗೆಗಳಿಗಾಗಿಯೇ ಐದು ವರ್ಷಗಳ ನೀತಿಯೊಂದನ್ನು ಘೋಷಿಸಿತು. ಅಹಮದಾಬಾದಿನವರು 2013ರಲ್ಲಿ ಬಿಸಿಲಿನ ಹಾವಳಿಯನ್ನು ಎದುರಿಸುವ ಯೋಜನೆಯನ್ನು ಕೈಗೊಂಡು, ಮುಂದೆ ಬಡವರ ಮನೆಗಳ ಮಾಳಿಗೆಗಳಿಗೆ ಬಿಳಿಬಣ್ಣ ಬಳಿಸಿದರು. ಸುಣ್ಣದ ಕಲ್ಲಿನ ಮೇಲೆಯೇ ಕುಳಿತಿರುವ ಜಿಲ್ಲೆ ನಮ್ಮದು. ಶಹಾಬಾದ್, ಸೇಡಂ, ಚಿತ್ತಾಪುರದ ಕಡೆಯ ಕಲ್ಲಿನಿಂದ ದೇಶಕ್ಕೆಲ್ಲ ಸಿಮೆಂಟು ಹೋಗುತ್ತಿರುವಾಗ, ನಮ್ಮ ಮಾಳಿಗೆಗಳಿಗೆ ನಾಲ್ಕು ಬಕೆಟು ಸುಣ್ಣ ಸಿಗದೆಂದು ಹೇಳಲಾಗದು.

ಮಾಲಕರು: ಒಪ್ಪಿದೆ. ಆದರೆ ಕೂಲರಿನ ಮಾತು ಹೇಳಿರಿ. ಕರೆಂಟು ಒಂದು ಕಡೆಗಿರಲಿ, ಅದು ಕುಡಿಯುವ ನೀರಿಗೆ ಟ್ಯಾಂಕರಿನವನಿಗೆ ದುಡ್ಡು ಕೊಡುವವನು ನಾನು.

ಮಾಸ್ತರರು: ಕೂಲರಿನ ವಿಷಯದಲ್ಲಿ ನಾನು ಸ್ವಲ್ಪ ವಿಸ್ತಾರವಾಗಿ ಹೇಳಬೇಕಾಗಿದೆ, ಏಕೆಂದರೆ ನಮ್ಮ ಒಣಹವೆಗೆ ಅದರಷ್ಟು ತಕ್ಕ ಸಾಧನ ಮತ್ತೊಂದಿಲ್ಲ, ಅದರಷ್ಟು ತಪ್ಪಾಗಿ ಬಳಸಲ್ಪಡುವುದೂ ಮತ್ತೊಂದಿಲ್ಲ. ಒಂದು ಲೀಟರು ನೀರು ಆವಿಯಾಗುವಾಗ ಸುತ್ತಲಿನ ಗಾಳಿಯಿಂದ ಎಳೆದುಕೊಳ್ಳುವ ಶಾಖವನ್ನು ವಿದ್ಯುತ್ತಿನ ಅಳತೆಯಲ್ಲಿ ಹೇಳುವುದಾದರೆ, ಅದು ಒಂದು ಯೂನಿಟ್ಟಿನ ಮೂರರಲ್ಲಿ ಎರಡು ಪಾಲು. ದಿನಕ್ಕೆ ನಲವತ್ತು ಲೀಟರು ನೀರು ಆವಿಯಾದರೆ ಇಪ್ಪತ್ತಾರು ಯೂನಿಟ್ಟಿನಷ್ಟು ಶಾಖ ಗಾಳಿಯಿಂದ ಇಳಿಯಿತು. ಇದಕ್ಕೆ ಕೂಲರು ತೆಗೆದುಕೊಂಡ ವಿದ್ಯುತ್ತೋ, ಹತ್ತು ತಾಸಿಗೆ ಎರಡು ಯೂನಿಟ್ಟಿನ ಒಳಗೆ. ಏ.ಸಿ. ಯಂತ್ರವು ಈ ದರದಲ್ಲಿ ತಂಪು ಕೊಡಲಾರದು. ಹಿಂದೆ ನಿಜಾಮರ ಕಾಲದ ಕಚೇರಿಗಳಲ್ಲಿ ಬಾಗಿಲಿಗೆ ಲಾವಂಚದ ತಟ್ಟಿ ಕಟ್ಟಿ ನೀರು ಚಿಮುಕಿಸುತ್ತಿದ್ದುದೂ ಇದೇ ತತ್ತ್ವದ ಮೇಲೆ.

ಮಾಲಕರು: ಹಾಗಿದ್ದರೆ ಹುಡುಗರು, ಕೂಲರು ಹಾಕಿದರೂ ಮೈ ಅಂಟಂಟಾಗುತ್ತದೆ, ತಂಪಾಗುವುದಿಲ್ಲವೆನ್ನುವುದೇಕೆ?

ಮಾಸ್ತರರು: ಅವರು ಅದನ್ನು ಖೋಲಿಯ ನಡುವೆ ಇಟ್ಟು, ಬಾಗಿಲು ಕಿಟಕಿಗಳನ್ನು ಮುಚ್ಚಿಕೊಳ್ಳುತ್ತಾರೆ. ಒಳಗಿನ ಅದೇ ಗಾಳಿ ಅದೇ ಹುಲ್ಲಿನ ಪ್ಯಾಡಿನೊಳಗಿಂದ ಮತ್ತೆ ಮತ್ತೆ ಹೊಕ್ಕು ಹೊರಟು, ಅರ್ಧ ತಾಸಿನಲ್ಲಿ ತೇವದಿಂದ ತುಂಬಿಹೋಗುತ್ತದೆ. ತುಂಬಿದ ಗಾಳಿಯಲ್ಲಿ ನೀರು ಆವಿಯಾಗದು. ಆವಿಯಾಗದಿದ್ದ ಮೇಲೆ ತಂಪೆಲ್ಲಿಯದು? ಕೂಲರು ಕಿಟಕಿಯಲ್ಲಿ, ಬೆನ್ನು ಹೊರಗಾಗಿ ಕೂತಿರಬೇಕು. ಹೊರಗಿನ ಒಣಗಾಳಿಯನ್ನು ಅದು ಎಳೆದುಕೊಳ್ಳಬೇಕು. ಎದುರಿನ ಕಿಟಕಿಯೊಂದು ನಾಲ್ಕು ಬೆರಳು ತೆರೆದಿರಬೇಕು. ನಿಮ್ಮ ಖೋಲಿಗಳಿಗೆ ಎದುರುಬದುರು ಕಿಟಕಿಗಳಿವೆಯೇ?

ಮಾಲಕರು: ಹಿಂದಿನ ಗೋಡೆಗೆ ಕಿಟಕಿಯಿಲ್ಲ. ಆ ಕಡೆ ಬೇರೆಯವರ ಹೊಲ.

ಮಾಸ್ತರರು: ಮೇಲುಗಡೆ ಒಂದು ಜಾಳಿಯನ್ನಾದರೂ ಇಡಿಸಿರಿ. ಅಷ್ಟು ಮಾಡಿದರೆ ಅದೇ ತಂಪಿಗೆ ಕೂಲರು ಅರ್ಧ ಹೊತ್ತು ತಿರುಗಿದರೆ ಸಾಕಾದೀತು. ಕರೆಂಟಿನೊಡನೆ ನೀರೂ ಉಳಿದೀತು. ಮೃಗಶಿರ ಮಳೆ ಹಿಡಿದು ಹವೆಯಲ್ಲಿ ತೇವ ಏರಿದ ಮೇಲೆ ಕೂಲರಿನಿಂದ ಪ್ರಯೋಜನ ಕಡಿಮೆ. ಆಗ ಅದರ ಪಂಪನ್ನು ನಿಲ್ಲಿಸಬೇಕೆಂಬುದನ್ನೂ ಹುಡುಗರಿಗೆ ತಿಳಿಸಿರಿ. ಇನ್ನು ಫ್ಯಾನು. ಹಳೆಯದು 75 ವ್ಯಾಟು, ಹೊಸ ಬಿ.ಎಲ್.ಡಿ.ಸಿ. ಜಾತಿಯದು 30ರ ಆಸುಪಾಸು. ದಿನಕ್ಕೆ ಹದಿನೆಂಟು ತಾಸು ತಿರುಗಿದರೆ ತಿಂಗಳಿಗೆ 40 ಯೂನಿಟ್ಟಿನ ಜಾಗದಲ್ಲಿ 16. ಮಾತು ಅಲ್ಲಿಗೆ ಮುಗಿಯಿತು.

ಮಾಲಕರು: ನನ್ನ ಬೀಗರು ಅಫಜಲಪುರ ತಾಲೂಕಿನ ಗಾಣಗಾಪುರದಲ್ಲಿ ಯಾತ್ರಿಕರಿಗೆ ಕೋಣೆಗಳನ್ನು ಕೊಡುತ್ತಾರೆ. ಅವರ ಸಂಕಟ ನನ್ನದಕ್ಕೆ ವಿಪರೀತವಾದದ್ದು. ಬೇಸಿಗೆಯಲ್ಲಿ ಹೇಗೋ ಆದೀತು, ಮಾರ್ಗಶಿರದ ದತ್ತಜಯಂತಿಯ ಹೊತ್ತಿಗೆ ಬಿಸಿನೀರೇ ಭಾರವಾಗುತ್ತದೆಯಂತೆ. ಭೀಮಾ ಅಮರ್ಜಾ ಸಂಗಮದಲ್ಲಿ ಮಿಂದು ಬಂದವರೂ ಕೋಣೆಗೆ ಬಂದು ಬಿಸಿನೀರು ಕೇಳುತ್ತಾರೆ; ಅದೆಲ್ಲ ಬಾಡಿಗೆಯಲ್ಲಿಯೇ ಸೇರಿದ್ದು.

ಮಾಸ್ತರರು: ಕೇಳದೆ ಏನು ಮಾಡಿಯಾರು? ಸೊಲ್ಲಾಪುರ, ಪುಣೆಗಳ ಕಡೆಯಿಂದ ಮುದುಕರನ್ನೂ ಮಕ್ಕಳನ್ನೂ ಕಟ್ಟಿಕೊಂಡು ಬಂದವರು ಅವರು. ಲೆಕ್ಕ ಹೀಗಿದೆ: ಇಪ್ಪತ್ತು ಲೀಟರಿನ ಒಂದು ಬಕೆಟು ನೀರನ್ನು ಇಪ್ಪತ್ತು ಡಿಗ್ರಿ ಕಾಯಿಸಲು 400 ಕಿಲೊಕ್ಯಾಲರಿ ಬೇಕು, ಒಂದು ಯೂನಿಟ್ಟಿನಲ್ಲಿ ಇರುವುದು 860. ಎಂದರೆ ಬಕೆಟ್ಟಿಗೆ ಸುಮಾರು ಅರ್ಧ ಯೂನಿಟ್ಟು. ನೀರು ಕಾಯುವುದಕ್ಕೆ ಇಷ್ಟು ಶಾಖ ಬೇಕೇ ಬೇಕು, ಇದರಲ್ಲಿ ಮೋಸವಿಲ್ಲ. ವ್ಯರ್ಥವಾಗುವುದು ಬೇರೆ ಕಡೆಯಲ್ಲಿ: ನೀರು ಕುದಿಯುವವರೆಗೆ ರಾಡನ್ನು ಬಿಟ್ಟು ಆಮೇಲೆ ತಣ್ಣೀರು ಬೆರೆಸುವಾಗ ಹಬೆಯಾಗಿ ಹೋದದ್ದು, ಗೀಜರನ್ನು ಹಗಲೆಲ್ಲ ಹಚ್ಚಿಟ್ಟಾಗ ಅದರ ಮೈಯಿಂದ ಸೋರಿದ್ದು. ನಮ್ಮ ಕಡೆ ಮಾರ್ಗಶಿರ, ಪುಷ್ಯದಲ್ಲಿ ಮೋಡವಿರುವ ದಿನಗಳು ವಿರಳ. ಆದುದರಿಂದ ಬೀಗರು ಕೋಣೆಗೊಂದು ಗೀಜರು ಕೂಡಿಸುವುದನ್ನು ಬಿಟ್ಟು, ಮಾಳಿಗೆಯ ಮೇಲೆ ಸೌರ ಜಲತಾಪಕವೊಂದನ್ನು ಇಡಿಸಿ, ಬೆಳಗಿನ ಐದರಿಂದ ಒಂಬತ್ತರವರೆಗೆ ಎಲ್ಲರಿಗೂ ಅಲ್ಲಿಂದಲೇ ನೀರು ಬಿಡಲಿ. ಇದೂ ಮಾಳಿಗೆಯ ಕೆಲಸವೇ, ಮಾಲಕನ ಕೆಲಸವೇ. ಒಂದು ರಾತ್ರಿಗೆ ಬಂದುಹೋಗುವ ಯಾತ್ರಿಕನು ಇದನ್ನು ಮಾಡಲಾರನು.

ಮಾಲಕರು: ತಾವು ಎಲ್ಲ ಭಾರವನ್ನೂ ಮಾಲಕನ ತಲೆಗೇ ಕಟ್ಟುತ್ತಿದ್ದೀರಿ. ಹುಡುಗರಿಗೆ ಯಾವ ಹೊಣೆಯೂ ಇಲ್ಲವೇ?

ಮಾಸ್ತರರು: ಇದೆ. ಮಾಳಿಗೆ ನಿಮ್ಮದು, ಸ್ವಿಚ್ಚು ಅವರದು. ಎಂಟು ಖೋಲಿಗಳಿಗೆ ಒಂದೇ ಮೀಟರಿದ್ದರೆ ಯಾವ ಖೋಲಿಯವನು ಎಷ್ಟು ಸುಟ್ಟನೆಂಬುದು ಅವನಿಗೂ ತಿಳಿಯದು, ನಿಮಗೂ ತಿಳಿಯದು. ಮಿತವಾಗಿ ಬಳಸಿದವನು ಉಳಿಸಿದ್ದು ಅವನಿಗೆ ಸಿಗುವುದೂ ಇಲ್ಲ. ಪಶ್ಚಿಮ ಜರ್ಮನಿಯವರು 1981ರಲ್ಲಿ ಈ ತೊಡಕನ್ನು ಬಿಡಿಸಲೆಂದು ಒಂದು ನಿಯಮ ಮಾಡಿದರು. ಅದರಂತೆ ಮನೆ ಕಾಯಿಸಿದ ವೆಚ್ಚದಲ್ಲಿ ಶೇಕಡಾ 50ರಿಂದ 70ರಷ್ಟನ್ನು ಅಳತೆಮಾಡಿ ಬಳಸಿದವನಿಂದ ತೆಗೆದುಕೊಳ್ಳಬೇಕು. ಮಿಕ್ಕದ್ದನ್ನು ಮನೆಯ ವಿಸ್ತಾರಕ್ಕೆ ತಕ್ಕಂತೆ ಎಲ್ಲರ ಮೇಲೂ ಹಂಚಬೇಕು. ಇಷ್ಟಕ್ಕೆ ಜರ್ಮನಿಯವರು ನಿಲ್ಲಲಿಲ್ಲ. 2023ರಿಂದ, ಇಂಧನದ ಮೇಲಿನ ಇಂಗಾಲದ ಸುಂಕವನ್ನು ಮಾಲಕ ಮತ್ತು ಬಾಡಿಗೆದಾರರ ನಡುವೆ ಹಂಚುವಾಗ ಕಟ್ಟಡದ ಗುಣವನ್ನೇ ಆಧಾರವಾಗಿ ಹಿಡಿದಿದ್ದಾರೆ: ಶಾಖ ಸೋರುವ ಅತ್ಯಂತ ಕೆಟ್ಟ ಕಟ್ಟಡದಲ್ಲಿ ಆ ಸುಂಕದ ಶೇಕಡಾ 95ರಷ್ಟು ಮಾಲಕನ ಪಾಲು, ಅತ್ಯುತ್ತಮ ಕಟ್ಟಡದಲ್ಲಿ ಮಾಲಕನಿಗೆ ಏನೂ ಇಲ್ಲ. ಇದಕ್ಕಿಂತ ನ್ಯಾಯವಾದ ಹಂಚಿಕೆಯನ್ನು ನಾನು ಬೇರೆಲ್ಲಿಯೂ ಓದಿಲ್ಲ.

ಮಾಲಕರು: ನಮ್ಮಲ್ಲಿ ಸರಕಾರದ ಉಚಿತ ವಿದ್ಯುತ್ತಿನ ಗೃಹಜ್ಯೋತಿ ಯೋಜನೆಯೇ ಇರುವಾಗ ಈ ಹಂಚಿಕೆಯ ಗೊಡವೆಯೇ ಬೇಕಾಗಿಲ್ಲವೆಂದು ಕೆಲವರು ಹೇಳುತ್ತಾರೆ.

ಮಾಸ್ತರರು: 2023ರ ಆಗಸ್ಟ್ 5ರಂದು ಆ ಯೋಜನೆಗೆ ಚಾಲನೆ ದೊರೆತದ್ದು ನಮ್ಮ ಕಲಬುರಗಿಯಲ್ಲಿಯೇ, ಅದರ ಫಲ ಮಾತ್ರ ನಿಮ್ಮ ಖೋಲಿಗಳಿಗೆ ತಲುಪಿಲ್ಲ. ಒಂದು ಸಂಪರ್ಕದಲ್ಲಿ ತಿಂಗಳ ಬಳಕೆ 200 ಯೂನಿಟ್ಟನ್ನು ದಾಟಿತೆಂದರೆ ಪೂರ್ತಿ ಬಿಲ್ಲನ್ನು ತುಂಬಬೇಕಾಗುತ್ತದೆ. ಎಂಟು ಖೋಲಿಗಳು ಒಂದೇ ಆರ್.ಆರ್. ನಂಬರಿನ ಮೇಲಿದ್ದರೆ ಆ ಗೆರೆಯನ್ನು ದಾಟದ ತಿಂಗಳೇ ಇಲ್ಲ. ಬಡವಿದ್ಯಾರ್ಥಿಯ ಹೆಸರಿನಲ್ಲಿ ಸರಕಾರ ಕೊಡುವ ಸಹಾಯ ಹೀಗೆ ನಿಮ್ಮ ಮೀಟರಿನ ಬಳಿಗೆ ಬಂದು ಹಿಂದಿರುಗಿ ಹೋಗುತ್ತಿದೆ. ಖೋಲಿಗೊಂದು ಪ್ರತ್ಯೇಕ ಮೀಟರು ದೊರೆಯಬಹುದೇ ಎಂದು ವಿದ್ಯುತ್ ಕಂಪನಿಯಾದ ಜೆಸ್ಕಾಂನ ಕಚೇರಿಯಲ್ಲಿ ವಿಚಾರಿಸಿರಿ. ಬಾಡಿಗೆಯವರಿಗೂ ಯೋಜನೆ ಅನ್ವಯಿಸುತ್ತದೆ; ಹಿಂದಿನ ಬಳಕೆಯ ದಾಖಲೆಯಿಲ್ಲದ ಹೊಸಬರಿಗೆ ಸುಮಾರು 58 ಯೂನಿಟ್ಟು ಉಚಿತವೆಂದು ಗೊತ್ತುಮಾಡಿದ್ದಾರೆ. ಒಂದು ಬಿ.ಎಲ್.ಡಿ.ಸಿ. ಫ್ಯಾನು, ದೀಪ, ಮೊಬೈಲುಗಳಿಗೆ ಅದು ಧಾರಾಳವಾಗಿ ಸಾಕು. ಕೂಲರಿನ ಎರಡು ತಿಂಗಳು ಮಾತ್ರ ಮೇಲಿನದನ್ನು ತುಂಬಬೇಕಾದೀತು.

ಮಾಲಕರು: ಪ್ರತ್ಯೇಕ ಮೀಟರು ಸಿಗದಿದ್ದರೆ?

ಮಾಸ್ತರರು: ಒಳಗೆ ಸಬ್‌ಮೀಟರು ಹಾಕಿಸಿರಿ. ಆದರೆ ಕಂಪನಿಗೆ ನೀವು ತೆತ್ತ ದರಕ್ಕಿಂತ ಒಂದು ಪೈಸೆಯನ್ನೂ ಹೆಚ್ಚಿಗೆ ಹಿಡಿಯಕೂಡದು. ಯೂನಿಟ್ಟಿಗೆ ಆರು ರೂಪಾಯಿಯ ಕರೆಂಟನ್ನು ಹನ್ನೆರಡಕ್ಕೆ, ಹದಿನೈದಕ್ಕೆ ಮಾರುವವರನ್ನು ನಾನು ಕಂಡಿದ್ದೇನೆ. ಅಸಹಾಯಕರ ಬೆವರಿನಿಂದ ಲಾಭ ತೆಗೆಯುವ ಆ ವ್ಯಾಪಾರ ನಿಮಗೆ ಬೇಡ. ಕರಾರುಪತ್ರದಲ್ಲಿ ಹೀಗೆ ಬರೆಯಿರಿ: ಬಾಡಿಗೆಯೊಳಗೆ ತಿಂಗಳಿಗೆ ಇಂತಿಷ್ಟು ಯೂನಿಟ್ಟು ಸೇರಿದೆ, ಏಪ್ರಿಲ್, ಮೇ ತಿಂಗಳುಗಳಲ್ಲಿ ಇಷ್ಟು ಹೆಚ್ಚು, ಅದನ್ನು ಮೀರಿದರೆ ಕಂಪನಿಯ ದರದಲ್ಲಿ ಬಾಡಿಗೆದಾರನು ಕೊಡತಕ್ಕದ್ದು, ಅದಕ್ಕಿಂತ ಕಡಿಮೆ ಬಳಸಿದರೆ ಉಳಿದ ಯೂನಿಟ್ಟಿನ ಹಣವನ್ನು ಮಾಲಕನು ಬಾಡಿಗೆಯಲ್ಲಿ ಬಿಡತಕ್ಕದ್ದು. ಆಗ ಕೂಲರು ಆರಿಸಿ ಹೊರಟ ಹುಡುಗನಿಗೆ ಅದರ ಫಲ ಅವನ ಕೈಯಲ್ಲಿಯೇ ಸಿಗುತ್ತದೆ. ಇದರ ಕೆಳಗೆ ಇನ್ನೊಂದು ಷರತ್ತು: ಹೋಳಿಹುಣ್ಣಿಮೆಯ ಒಳಗಾಗಿ ಮಾಲಕನು ಮಾಳಿಗೆಗೆ ಸುಣ್ಣ ಬಳಿಸದಿದ್ದರೆ ಆ ಬೇಸಿಗೆಯ ಹೆಚ್ಚಿನ ಬಳಕೆಯೆಲ್ಲವೂ ಮಾಲಕನ ಲೆಕ್ಕಕ್ಕೆ.

ಮಾಲಕರು: ಕೊನೆಯ ಷರತ್ತು ಕಠಿಣವಾಯಿತು. ಇಂಥದ್ದನ್ನು ಈ ಭಾಗದಲ್ಲಿ ಯಾವ ಮಾಲಕನೂ ಬರೆದುಕೊಟ್ಟಿರಲಾರ.

ಮಾಸ್ತರರು: ಮೊದಲು ಬರೆದುಕೊಟ್ಟವರು ನೀವಾಗಿರಿ. ಅದಿಲ್ಲದೆ ಮೇಲಿನ ಷರತ್ತು ಏಕಪಕ್ಷೀಯವಾಗುತ್ತದೆ: ಸುಡುವ ಮಾಳಿಗೆಯನ್ನು ಕೊಟ್ಟು, ಅದರ ಕೆಳಗೆ ಬದುಕುವ ದಂಡವನ್ನು ಹುಡುಗರಿಂದ ವಸೂಲು ಮಾಡಿದಂತಾಗುತ್ತದೆ.

ಮಾಲಕರು: ಆಗಲಿ, ಬರೆಯುತ್ತೇನೆ. ಇನ್ನೊಂದು ಮಾತಿದೆ. ಜೇವರ್ಗಿಯಲ್ಲಿ ನನ್ನವೇ ಮೂರು ಪತ್ರಾಸಿನ ಖೋಲಿಗಳಿವೆ. ತೊಗರಿಯ ಅಡತಿಗಳಲ್ಲಿ ಹಮಾಲಿ ಮಾಡುವವರು ಹೆಂಡಿರು ಮಕ್ಕಳೊಡನೆ ಇದ್ದಾರೆ. ಅಲ್ಲಿಯೂ ಕರೆಂಟು ಬಾಡಿಗೆಯಲ್ಲಿಯೇ. ಅವರಿಗೂ ಇದೇ ಕರಾರು ಮಾಡಲೇ?

ಮಾಸ್ತರರು: ಈ ವರ್ಷ ಬೇಡ. ಜೇವರ್ಗಿಯಲ್ಲಿ ಪತ್ರಾಸಿನ ಮನೆಗಳ ಮಕ್ಕಳು ನನ್ನ ತರಗತಿಯಲ್ಲಿ ಇದ್ದರು. ಮಾರ್ಚಿ ಬಂತೆಂದರೆ ರಾತ್ರಿ ನಿದ್ರೆಯಿಲ್ಲದೆ ಬಂದು ಬೆಂಚಿನ ಮೇಲೆಯೇ ತೂಗುತ್ತಿದ್ದರು, ಪರೀಕ್ಷೆಯ ಕಾಲವೂ ಅದೇ. ಹಗಲೆಲ್ಲ ಚೀಲ ಹೊತ್ತವನು ರಾತ್ರಿ ಫ್ಯಾನು ಹಾಕಿಕೊಂಡದ್ದನ್ನು ತಗಡಿನ ಮನೆಯಲ್ಲಿ ಅಳೆಯಹೊರಟರೆ ಅಳತೆಗೆ ಸಿಗುವುದು ತಗಡಿನ ದೋಷವೇ ಹೊರತು ಅವನ ದೋಷವಾಗದು. ಮೊದಲು ಪತ್ರಾಸಿನ ಮೇಲ್ಮೈಗೆ ಬಿಳಿ ಪೇಂಟು ಹೊಡೆಸಿರಿ. ಅದರ ಕೆಳಗೆ ಒಂದು ಗೇಣು ಜಾಗ ಬಿಟ್ಟು, ಬಿದಿರಿನ ತಟ್ಟಿಯನ್ನೋ ಜೋಳದ ದಂಟಿನ ಚಾಪೆಯನ್ನೋ ಕಟ್ಟಿಸಿ, ಉರಿ ಹತ್ತದಂತೆ ಮಣ್ಣು ಮೆತ್ತಿಸಿರಿ. ಆ ನಡುವಿನ ಗಾಳಿ ಎರಡೂ ಕೊನೆಗಳಿಂದ ಹೊರಗೆ ಹೋಗುವಂತೆ ತೆರವು ಬಿಡಿಸಿರಿ. ಹಳೆಯ ಫ್ಯಾನುಗಳನ್ನು ಬದಲಿಸಿರಿ. ಒಂದು ಬೇಸಿಗೆ ಹಾಗೆ ಕಳೆದ ಮೇಲೆ ಬಿಲ್ಲನ್ನು ನನಗೆ ತೋರಿಸಿರಿ. ಅವರ ಕರಾರಿನಲ್ಲಿ ಎಷ್ಟು ಯೂನಿಟ್ಟು ಬರೆಯಬೇಕೆಂಬುದನ್ನು ಆಗ, ಅವರನ್ನೂ ಕೂಡಿಸಿಕೊಂಡು, ಗೊತ್ತುಮಾಡೋಣ.

ಮಾಲಕರು: ಕಡಗಂಚಿಗೆ ನಾಳೆಯೇ ಸುಣ್ಣ ತರಿಸುತ್ತೇನೆ. ಪತ್ರಾಸಿನ ಅಳತೆ ತೆಗೆಯಲು ಜೇವರ್ಗಿಗೆ ಗುರುವಾರ ಹೋಗುವವನಿದ್ದೇನೆ, ತಾವೂ ಬರಬೇಕು.

ಮಾಸ್ತರರು: ಬರುತ್ತೇನೆ. ಮಧ್ಯಾಹ್ನ ಎರಡು ಗಂಟೆಗೆ ಹೋಗೋಣ, ಆ ಹೊತ್ತಿನಲ್ಲಿಯೇ ಒಳಗೆ ಕೂತು ನೋಡಬೇಕು.